ಗಂಟಕ್ಕನ ಕೆಂಪು ದಾರ

ಆ ಷರ್ಟಿನ ಕಾರ್ಖಾನೆಯಲ್ಲಿ ಇಡೀ ಮನುಷ್ಯರು ಯಾರೂ ಇರಲಿಲ್ಲ. ಕಾಲರ್ ಹೊಲಿಯುವವಳು ಕಾಲರ್, ತೋಳು ಕೂಡಿಸುವವಳು ತೋಳು, ಜೇಬು ಹಚ್ಚುವವಳು ಜೇಬು. "ತೋಳಿಗೆ ಇವತ್ತು ಜ್ವರವಂತೆ, ರಜ" ಎಂದರೆ ಯಾರಿಗೂ ನಗು ಬರುತ್ತಿರಲಿಲ್ಲ. ನಲವತ್ತು ಹೆಂಗಸರ ಸಾಲು ಮುಗಿಯುವ ಕಡೆ, ಟ್ಯೂಬ್‌ಲೈಟಿನ ಕೆಳಗೆ, ಉದ್ದನೆಯ ಮೇಜಿನ ಹಿಂದೆ ನಿಂತಿರುತ್ತಿದ್ದವಳು ಗಂಟಕ್ಕ. ಹೊಲಿಗೆ ತಪ್ಪಿದ ಕಡೆ ಕೆಂಪು ದಾರ ಪೋಣಿಸಿ, ಒಂದು ಗಂಟು ಹಾಕಿ, ಹೊಲಿದವಳಿಗೇ ವಾಪಸು ಕಳಿಸುವುದು ಅವಳ ಕೆಲಸ. ಸ್ಟಿಕ್ಕರ್ ಅಂಟಿಸಿದರೆ ಬಟ್ಟೆಗೆ ಗೋಂದು ಹಿಡಿಯುತ್ತದೆ, ಸೀಮೆಸುಣ್ಣ ಬಿಳಿ ಬಟ್ಟೆಯ ಮೇಲೆ ಕಾಣುವುದಿಲ್ಲ. ದಾರವಾದರೆ ಕತ್ತರಿಸಿ ಎಳೆದರೆ ಆಯಿತು, ಗುರುತೂ ಉಳಿಯುವುದಿಲ್ಲ.

ಹನ್ನೊಂದು ವರ್ಷ ಅವಳೂ ಮಷೀನಿನ ಮುಂದೆ ಕೂತು ತೋಳಿನ ಪಟ್ಟಿ ಹೊಲಿದವಳೇ. ಒಂದು ಮಧ್ಯಾಹ್ನ ಸೂಜಿ ಅವಳ ತೋರುಬೆರಳಿನ ಉಗುರನ್ನು ಸೀಳಿಕೊಂಡು ಹೋಯಿತು. ಬೆರಳು ಮಡಚಲು ಬಾರದಂತಾದ ಮೇಲೆ ಅವಳನ್ನು ಚೆಕಿಂಗ್ ಮೇಜಿಗೆ ತಂದು ನಿಲ್ಲಿಸಿದರು. ಅಲ್ಲಿ ನಿಂತು ಎಂಟು ವರ್ಷ. ಅಂಗುಲಕ್ಕೆ ಹನ್ನೆರಡು ಹೊಲಿಗೆ ಬಿದ್ದಿರಬೇಕು. ಅವಳು ಅಳತೆಪಟ್ಟಿ ಇಟ್ಟು, ತುಟಿ ಅಲ್ಲಾಡಿಸುತ್ತ ಎಣಿಸುತ್ತಿದ್ದಳು. ಮಷೀನುಗಳ ಸದ್ದಿನಲ್ಲಿ ಎಣಿಕೆ ಯಾರಿಗೂ ಕೇಳುತ್ತಿರಲಿಲ್ಲ. ತುಟಿ ಮಾತ್ರ ಕಾಣುತ್ತಿತ್ತು.

ಕಾರ್ಖಾನೆಗೆ ಬರುವ ಮೊದಲೇ ಮನೆಯಲ್ಲಿ ಒಂದು ಪಾಳಿ ಮುಗಿದಿರುತ್ತಿತ್ತು. ನೀರು ಹಿಡಿದು, ಒಲೆ ಹಚ್ಚಿ, ಅತ್ತೆಯ ಮಾತ್ರೆಗೆ ಮೊದಲು ಅವರ ಹೊಟ್ಟೆಗಿಷ್ಟು, ಆಮೇಲೆ ಗಂಡನ ಡಬ್ಬಿ, ನಾದಿನಿಯ ಡಬ್ಬಿ, ಉಳಿದದ್ದರಲ್ಲಿ ತನ್ನದು. ಗಂಡ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ನಾದಿನಿ ಅದೇ ಕಾರ್ಖಾನೆಯಲ್ಲಿ ಜೇಬು. ಸಂಜೆ ಇಬ್ಬರೂ ಒಂದೇ ಬಸ್ಸಿನಿಂದ ಇಳಿದು ಬಂದರೂ ಒಬ್ಬಳು ಕಾಲು ಚಾಚಿ ಕೂರುತ್ತಿದ್ದಳು, ಇನ್ನೊಬ್ಬಳು ಮೂರು ಡಬ್ಬಿ ಉಜ್ಜುತ್ತಿದ್ದಳು.

"ನಾನು ದುಡಿದು ಬಂದಿದೀನಲ್ಲ ಅತ್ತಿಗೆ, ಸುಸ್ತು" ಅನ್ನುತ್ತಿದ್ದಳು ನಾದಿನಿ. ಅತ್ತಿಗೆ ಬಹುಶಃ ಸಿನಿಮಾ ನೋಡಿಕೊಂಡು ಬಂದಿದ್ದಳು.

ಆ ವರ್ಷ ಬೇಸಿಗೆಯಲ್ಲಿ ಬಿಳಿ ಷರ್ಟುಗಳ ದೊಡ್ಡ ಆರ್ಡರು ಬಂತು. ಬಿಳಿ ಬಟ್ಟೆಗೆ ಧೂಳು ಕೂರಬಾರದೆಂದು ಕಿಟಕಿಗಳನ್ನು ಟೇಪು ಹಚ್ಚಿ ಮುಚ್ಚಿದರು. ಬಟ್ಟೆ ಹಾರಬಾರದೆಂದು ಫ್ಯಾನುಗಳಲ್ಲಿ ಅರ್ಧ ನಿಲ್ಲಿಸಿದರು. ಸೂಪರ್‌ವೈಸರ್ ಗಂಟಕ್ಕನ ಮೇಜಿಗೆ ಬಂದು, "ಈ ಸಲ ಕಣ್ಣಿಗೆ ಎಣ್ಣೆ ಬಿಟ್ಕೊಂಡು ನೋಡಬೇಕಮ್ಮಾ. ಒಂದೇ ಒಂದು ತಪ್ಪು ಪೀಸು ಹೊರಗೆ ಹೋದ್ರೂ ಆ ತಪ್ಪು ನಿಮ್ಮದೇ" ಎಂದ. ಸಾಲಿನ ಹೆಂಗಸರಿಗೂ ಒಂದು ಹೊಸ ಕಾನೂನು ಹೇಳಿದ. ಮೊದಲೆಲ್ಲ ಗಂಟು ಬಿದ್ದ ಪೀಸುಗಳನ್ನು ಮಾರನೆಯ ದಿನ ಬೆಳಗಿನ ಮೊದಲ ಗಂಟೆಯಲ್ಲಿ ಸರಿಪಡಿಸುತ್ತಿದ್ದರು. ಇನ್ನು ಮೇಲೆ ಅವತ್ತಿನದು ಅವತ್ತೇ, ಊಟದ ಅರ್ಧ ಗಂಟೆಯಲ್ಲೇ ಆಗಬೇಕು. "ನೀವು ಮಾಡಿದ ತಪ್ಪು, ನಿಮ್ಮ ಟೈಮಲ್ಲೇ ತಿದ್ಕೊಳ್ಳಿ."

ಎರಡನೆಯ ವಾರ, ನಲ್ಲಿಯ ಹತ್ತಿರ ಕೈ ತೊಳೆಯುವಾಗ, ಕಾಲರ್ ಎಲ್ಲರಿಗೂ ಕೇಳುವಂತೆ ಅಂದಳು: "ಹೊಲಿಯಕ್ಕೆ ಬಾರದೋರು ತಪ್ಪು ಹುಡುಕಕ್ಕೆ ನಿಲ್ತಾರೆ. ಹೆರಕ್ಕೆ ಆಗದೋರು ಊರ ಮಕ್ಕಳಿಗೆಲ್ಲ ಹೆಸರಿಡಕ್ಕೆ ಹೋದಂಗೆ."

ಗಂಟಕ್ಕನಿಗೆ ಮಕ್ಕಳಿರಲಿಲ್ಲ. ನಲ್ಲಿಯ ಹತ್ತಿರವಿದ್ದವರು ನಕ್ಕರು. ನಾದಿನಿಯೂ ನಕ್ಕಳು, ಆಮೇಲೆ ಕೆಮ್ಮಿದಳು. ಗಂಟಕ್ಕ ಕೈ ಒರೆಸಿಕೊಂಡು ತನ್ನ ಮೇಜಿಗೆ ಹೋದಳು. ಮಾರನೆಯ ಬೆಳಿಗ್ಗೆ ಕಾಲರಿನ ಪೀಸುಗಳಿಗೆ ಒಂಬತ್ತು ಗಂಟು ಬಿದ್ದವು. ಅದರಲ್ಲಿ ಏಳು ನ್ಯಾಯವಾಗಿಯೇ ಬೀಳಬೇಕಾದವು. ಎರಡನ್ನು ಬೇರೆ ದಿನವಾಗಿದ್ದರೆ ಅವಳು ನೋಡಿಯೂ ನೋಡದವಳಂತೆ ಬಿಡುತ್ತಿದ್ದಳು.

ಅವತ್ತು ಮಧ್ಯಾಹ್ನ ಮೂರು ಗಂಟೆಗೆ ಕಾಲರ್ ಸ್ಟೂಲಿನಿಂದ ಜಾರಿ ಬಿದ್ದಳು. ಕೈ ಸೆಟೆದುಕೊಂಡಿತು, ಕಣ್ಣು ಮೇಲೆ ಹೋಯಿತು. ನೀರು ಚಿಮುಕಿಸಿ ಎಬ್ಬಿಸಿ ಮನೆಗೆ ಕಳಿಸಿದರು. ಮಾರನೆಯ ದಿನ ತೋಳು ಬಿದ್ದಳು. ಅದರ ಮಾರನೆಯ ದಿನ ಗುಂಡಿ ಹಚ್ಚುವವಳು ಬಿದ್ದಳು. ಅವಳು ಕಿರುಚಿದ್ದು ಕೇಳಿ ಪಕ್ಕದವಳು ಬಿದ್ದಳು, ಅವಳನ್ನು ಹಿಡಿಯಲು ಹೋದವಳು ಅವಳ ಮೇಲೆ ಬಿದ್ದಳು. ನಾಲ್ಕನೆಯ ದಿನ ಒಂದೇ ಮಧ್ಯಾಹ್ನ ಒಂಬತ್ತು ಜನ. ಅವರಲ್ಲಿ ನಾದಿನಿಯೂ ಒಬ್ಬಳು. ನೆಲದ ಮೇಲೆ ಸಾಲಾಗಿ ಮಲಗಿಸಿದ ಹೆಂಗಸರಲ್ಲಿ ಒಬ್ಬಳು ನರಳಿದರೆ ಎಲ್ಲರೂ ನರಳುತ್ತಿದ್ದರು.

ಕಾರ್ಖಾನೆಯ ಡಾಕ್ಟರು ಬಂದು ನಾಲ್ಕು ಕೈ ಹಿಡಿದು ನೋಡಿ, "ಹೆಂಗಸರು ಸ್ವಲ್ಪ ಧೈರ್ಯ ತಂದ್ಕೋಬೇಕು" ಎಂದು ಚೀಟಿಯಲ್ಲಿ ಟಾನಿಕ್ ಬರೆದುಕೊಟ್ಟು ಹೋದರು.

ಧೈರ್ಯಕ್ಕಿಂತ ಕಾರಣ ಬೇಗ ಸಿಗುತ್ತದೆ. ಮೊದಲು ಕಂಡುಹಿಡಿದವಳು ತೋಳು. "ನೋಡ್ರೇ, ಬಿದ್ದೋರೆಲ್ಲ ಯಾರು? ಅವತ್ತು ಕೆಂಪು ಗಂಟು ಬಂದೋರೇ ಅಲ್ವಾ?" ಎಲ್ಲರೂ ಬೆರಳು ಮಡಚಿ ಲೆಕ್ಕ ಹಾಕಿದರು. ಒಬ್ಬಳೂ ತಪ್ಪಲಿಲ್ಲ. ಮೊದಲು ಬಿದ್ದವಳಿಗೆ ಒಂಬತ್ತು ಗಂಟು, ಅದೂ ನಲ್ಲಿಯ ಹತ್ತಿರ ಮಾತಾದ ಮಾರನೆಯ ದಿನವೇ! ಅಷ್ಟಾದ ಮೇಲೆ ಉಳಿದದ್ದೆಲ್ಲ ತಾನಾಗಿ ನೆನಪಿಗೆ ಬಂತು. ಗಂಟು ಹಾಕುವಾಗ ತುಟಿ ಅಲ್ಲಾಡಿಸುತ್ತಾಳಲ್ಲ, ಅದೇನು? ಮಡಚಲು ಬಾರದ ಬೆರಳು ನಮ್ಮ ಕಡೆಗೇ ತೋರಿಸಿಕೊಂಡಿರುತ್ತದಲ್ಲ, ಅದೇನು? ಎಂಟು ವರ್ಷ ದಿನಾ ಕಣ್ಣೆದುರಿಗೇ ಇದ್ದ ಬೆರಳು ಒಂದೇ ದಿನದಲ್ಲಿ ಹೊಸದಾಯಿತು.

ಆಮೇಲೆ ಅವಳ ಮೇಜಿಗೆ ಯಾರೂ ಕೈ ತಾಕಿಸಲಿಲ್ಲ. ಪೀಸುಗಳನ್ನು ಮರದ ಅಳತೆಕೋಲಿನಿಂದ ದೂಡಿ ಕೊಡುತ್ತಿದ್ದರು. ಬಿಚ್ಚಿದ ಕೆಂಪು ದಾರವನ್ನು ಕಡ್ಡಿಯಲ್ಲಿ ಎತ್ತಿ ಪಾಯಿಖಾನೆಗೆ ಒಯ್ದು ಸುಡುತ್ತಿದ್ದರು. ಒಂದು ದಿನ, ಊಟಕ್ಕೆ ಅವಳು ಕೂರುವ ಸ್ಟೂಲಿನ ಮೇಲೆ ಯಾರೋ ಕತ್ತರಿಯನ್ನು ಬಾಯಿ ತೆರೆದು ಇಟ್ಟಿದ್ದರು. ನೋಡದೆ ಕೂತಿದ್ದರೆ ಆಗುತ್ತಿದ್ದದ್ದು ಮಾಟವಲ್ಲ, ಹೊಲಿಗೆ ಹಾಕಿಸಬೇಕಾದ ಗಾಯ.

ಸುದ್ದಿ ನಾದಿನಿಯ ಜೊತೆ ಅದೇ ಬಸ್ಸಿನಲ್ಲಿ ಮನೆಗೂ ಬಂತು.

"ಬೆಂಕಿ ಇಲ್ದೆ ಹೊಗೆ ಆಡುತ್ತಾ?" ಎಂದರು ಅತ್ತೆ. "ಇವತ್ತಿಂದ ನೀನು ಒಲೆ ಮುಟ್ಟಬೇಡ. ಮಗಳು ಮಾಡ್ತಾಳೆ."

"ನಾನಾ?" ಎಂದಳು ಮಗಳು.

ಮೊದಲ ದಿನ ತಳ ಹಿಡಿಯಿತು. ಎರಡನೆಯ ದಿನ ಹೋಟೆಲಿನಿಂದ ತರಿಸಿದರು. ಮೂರನೆಯ ದಿನ ಅತ್ತೆ ಶಾಸ್ತ್ರವನ್ನು ಸ್ವಲ್ಪ ತಿದ್ದಿದರು. ತರಕಾರಿ ಹೆಚ್ಚಿದರೆ ದೋಷವಿಲ್ಲ. ಪಾತ್ರೆ ಉಜ್ಜಿದರೆ, ನೆಲ ಒರೆಸಿದರೆ, ಬಚ್ಚಲು ತಿಕ್ಕಿದರೆ ದೋಷವಿಲ್ಲ. ಮಾಟ ಸೌಟಿಗೆ ಹತ್ತುತ್ತದೆ, ಪೊರಕೆಗೆ ಹತ್ತುವುದಿಲ್ಲ. ಐದನೆಯ ದಿನ ಇನ್ನೊಂದು ತಿದ್ದುಪಡಿ: ಸೊಸೆಯೇ ಅಡುಗೆ ಮಾಡಲಿ, ಆದರೆ ಅತ್ತೆ ಎದುರಿಗೆ ಕೂತಿರುತ್ತಾರೆ, ಆದ ಮೇಲೆ ಎಲ್ಲರ ಮುಂದೆ ಸೊಸೆ ಮೊದಲು ಉಣ್ಣಬೇಕು.

ಹೀಗೆ ಮದುವೆಯಾಗಿ ಹತ್ತೊಂಬತ್ತು ವರ್ಷಕ್ಕೆ ಆ ಮನೆಯಲ್ಲಿ ಅವಳು ಮೊದಲ ಸಲ ಎಲ್ಲರಿಗಿಂತ ಮುಂಚೆ, ಬಿಸಿಬಿಸಿಯಾಗಿ ಉಂಡಳು. ಮೂರು ಜನ ಅವಳ ಬಾಯನ್ನೇ ನೋಡುತ್ತ ಕೂತಿದ್ದರು. ಗಂಡ, "ನಾನೇನೂ ನಂಬ್ತೀನಿ ಅಂತಲ್ಲ, ಅಮ್ಮನ ಸಮಾಧಾನಕ್ಕೆ" ಎಂದ. ಆದರೆ ಡಿಪೋಗೆ ಡಬ್ಬಿ ಒಯ್ಯುವುದನ್ನು ಬಿಟ್ಟ.

ಒಂದು ಸಂಜೆ ಅವಳು ನಾದಿನಿಯ ಡಬ್ಬಿ ತೊಳೆಯಲು ತೆಗೆದಾಗ ಅದು ಬೆಳಿಗ್ಗೆ ಕಟ್ಟಿದ ಹಾಗೆಯೇ ತುಂಬಿತ್ತು, ಹುಳಿ ವಾಸನೆ ಬರುತ್ತಿತ್ತು. ಹಳಸಿದ ಅನ್ನವನ್ನು ಚೆಲ್ಲುತ್ತ ಚೆಲ್ಲುತ್ತ ಅವಳ ಕೈ ನಿಂತಿತು. ನಾದಿನಿ ಬಿದ್ದ ದಿನವೂ ಡಬ್ಬಿ ಹೀಗೇ ಬಂದಿತ್ತು. ಅದರ ಹಿಂದಿನ ದಿನವೂ. ಯಾರ ಹೊಟ್ಟೆಗೆ ಎಷ್ಟು ಹೋಯಿತೆಂಬುದು ಉಂಡವರಿಗೆ ಮರೆತುಹೋಗಬಹುದು, ಡಬ್ಬಿ ತೊಳೆಯುವವಳಿಗೆ ಮರೆಯುವುದಿಲ್ಲ.

ಮಾರನೆಯ ದಿನ ಊಟದ ಹೊತ್ತು ಕಳೆದ ಮೇಲೆ ಅವಳು ಡಬ್ಬಿಗಳಿಡುವ ಕಬ್ಬಿಣದ ಕಪಾಟಿನ ಮುಂದೆ ನಿಂತು ಒಂದೊಂದನ್ನೇ ಎತ್ತಿ ನೋಡಿದಳು. ಕೆಲವು ಹಗುರ, ಕೆಲವು ಭಾರ. ಭಾರವಿದ್ದವು ಯಾರವು ಎಂದು ಅವಳಿಗೆ ಗೊತ್ತು. ಬೆಳಿಗ್ಗೆ ಅವರಿಗೇ ಗಂಟು ಹಾಕಿ ಕಳಿಸಿದ್ದಳು. ಗಂಟು ಬಿದ್ದವಳು ಊಟದ ಅರ್ಧ ಗಂಟೆ ಹೊಲಿಗೆ ಬಿಚ್ಚುತ್ತ ಕೂರುತ್ತಾಳೆ. ಉಣ್ಣದವಳು ಗಾಳಿಯಿಲ್ಲದ ಕೋಣೆಯಲ್ಲಿ ಮೂರು ಗಂಟೆಯ ಹೊತ್ತಿಗೆ ಬೀಳುತ್ತಾಳೆ. ಇಷ್ಟೇ.

ಇಷ್ಟೇ ಎಂದುಕೊಂಡಾಗ ಎದೆ ಹಗುರಾಗಬೇಕಿತ್ತು. ಆಗಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ ಎಂಬ ಗಾದೆಯನ್ನು ಕದ್ದವರ ಬಗ್ಗೆ ಹೇಳುತ್ತಾರೆ. ಅವಳ ಹೆಗಲ ಮೇಲೂ ಒಂದಿಷ್ಟು ಬೂದಿ ಇತ್ತು. ಕಾಲರ್‌ಗೆ ಹಾಕಿದ ಒಂಬತ್ತರಲ್ಲಿ ಆ ಎರಡು ಗಂಟು. ಅವೆರಡು ಬಿಚ್ಚಿ ಹೊಲಿಯಲು ಹತ್ತು ನಿಮಿಷ. ಹತ್ತು ನಿಮಿಷ ಸಿಕ್ಕಿದ್ದರೆ ಕಾಲರ್ ನಾಲ್ಕು ತುತ್ತು ಉಣ್ಣುತ್ತಿದ್ದಳು. ಮೊದಲನೆಯವಳು ಬೀಳದಿದ್ದರೆ ಉಳಿದವರು ಬೀಳುತ್ತಿದ್ದರೋ ಇಲ್ಲವೋ ಯಾರಿಗೆ ಗೊತ್ತು?

ಅವಳು ಡಬ್ಬಿ ಕೆಳಗಿಟ್ಟು ತಿರುಗಿದಾಗ ಬಾಗಿಲಲ್ಲಿ ತೋಳು ನಿಂತಿದ್ದಳು.

"ನಮ್ಮ ಊಟ ಮುಟ್ತಿದಾಳೆ!" ಎಂದು ತೋಳು ಕಿರುಚಿದ್ದು ಮಷೀನುಗಳ ಸದ್ದನ್ನೂ ಸೀಳಿಕೊಂಡು ಹೋಯಿತು. ಅವತ್ತು ಹದಿನಾಲ್ಕು ಜನ ಬಿದ್ದರು. ಡಬ್ಬಿ ಖಾಲಿ ಮಾಡಿದವರೂ ಬಿದ್ದರು.

ಮರುದಿನ ಬೆಳಿಗ್ಗೆ ಸೂಪರ್‌ವೈಸರ್ ಮಷೀನುಗಳನ್ನೆಲ್ಲ ನಿಲ್ಲಿಸಿದ. ಅವನು ಹಾಗೆ ನಿಲ್ಲಿಸಿದ್ದನ್ನು ಯಾರೂ ಯಾವತ್ತೂ ನೋಡಿರಲಿಲ್ಲ. ಹೆಂಗಸರು ಮೂರು ಕಡೆ ನಿಂತರು, ನಡುವೆ ಗಂಟಕ್ಕ. ಅವನ ಕೈಯಲ್ಲಿ ಒಂದು ಹಾಳೆ.

"ನೋಡಮ್ಮಾ, ಮಾಟ ಗೀಟ ನಾನು ನಂಬಲ್ಲ" ಎಂದ ಮೆಲ್ಲಗೆ, ಅವಳೊಬ್ಬಳಿಗೇ ಕೇಳುವಂತೆ. "ಆದ್ರೆ ಇವರು ನಂಬ್ತಾರೆ. ಇವರು ನಂಬಿದ್ರೆ ಮಷೀನ್ ನಿಲ್ಲುತ್ತೆ. ಇಲ್ಲೊಂದು ಸೈನ್ ಹಾಕಿ, ಎಲ್ಲರ ಮುಂದೆ ತಪ್ಪಾಯ್ತು ಅನ್ನಿ. ನಿಮ್ಮ ಕೆಲಸಕ್ಕೆ ನಾನು ಜವಾಬ್ದಾರಿ. ಕೆಳಗಡೆ ಪ್ಯಾಕಿಂಗಿಗೆ ಹಾಕ್ತೀನಿ."

ಅವಳು ಓದಿದಳು. 'ನನ್ನಿಂದ ಸಹೋದ್ಯೋಗಿಗಳಿಗೆ ತೊಂದರೆಯಾಗಿರುತ್ತದೆ. ಇನ್ನು ಮುಂದೆ ಹಾಗೆ ಮಾಡುವುದಿಲ್ಲ.'

"ಏನು ಮಾಡಲ್ಲ ಅಂತ ಬರೆದೇ ಇಲ್ವಲ್ಲ ಸಾರ್?"

"ಅದೆಲ್ಲ ಬೇಡ ಬಿಡಿ."

"ಬೇಕು ಸಾರ್. ನಾನು ಮಾಡ್ತಿರೋ ಕೆಲಸ ಗಂಟು ಹಾಕೋದು. ಹಾಕು ಅಂದೋರು ನೀವು. ಊಟದ ಹೊತ್ತಲ್ಲಿ ಬಿಚ್ಚಿ ಅಂದೋರೂ ನೀವು."

ಸೂಪರ್‌ವೈಸರ್ ಮುಖ ಗಂಟು ಹಾಕಿಕೊಂಡು ಹೆಂಗಸರ ಕಡೆ ತಿರುಗಿದ. "ಯಾರಾದ್ರೂ ಕಣ್ಣಾರೆ ಕಂಡೋರು ಇದ್ರೆ ಹೇಳಿ." ಮೊಸರು ತಿಂದ ಕೋತಿ ಮೇಕೆಯ ಮೂತಿಗೆ ಒರೆಸುತ್ತಿತ್ತು. ಮೇಕೆಯನ್ನು ಹಿಡಿದುಕೊಳ್ಳಲು ನಲವತ್ತು ಜನ ಸಿದ್ಧವಾಗಿದ್ದರು.

ತೋಳು ಕಪಾಟಿನ ಕತೆ ಹೇಳಿದಳು. ಕಾಲರ್, ತನಗೆ ಕನಸಿನಲ್ಲಿ ಮಡಚದ ಬೆರಳು ಕಾಣುತ್ತದೆ ಎಂದಳು. ಆಮೇಲೆ ನಾದಿನಿ ಮುಂದೆ ಬಂದಳು. ಒಂದೇ ಮನೆಯವಳಾದ್ದರಿಂದ ಒಂದು ವಾರದಿಂದ ಅವಳ ಪಕ್ಕದಲ್ಲೂ ಯಾರೂ ಕೂರುತ್ತಿರಲಿಲ್ಲ. ಎಲ್ಲರಿಗಿಂತ ಜೋರಾಗಿ ಅವಳೇ ಮಾತಾಡಬೇಕಿತ್ತು, ಮಾತಾಡಿದಳು.

"ಮನೇಲೂ ಹಂಗೇ, ಅಡುಗೆ ಮಾಡ್ತಾ ಬಾಯೊಳಗೆ ಏನೋ ಅಂತಿರ್ತಾಳೆ. ನನ್ನ ಡಬ್ಬಿಯೊಳಗೆ ಕೆಂಪು ದಾರ ಸಿಕ್ತು. ಅನ್ನದ ಒಳಗೇ! ದೇವರಾಣೆಗೂ."

ದಾರ ಸಿಕ್ಕಿದ್ದು ನಿಜವಿರಬಹುದು. ದಾರ ಮುಟ್ಟಿ ದುಡಿಯುವವರ ಮನೆಯಲ್ಲಿ ದಾರ ಹಾಸಿಗೆಯಲ್ಲೂ ಸಿಗುತ್ತದೆ, ತಲೆಬಾಚಣಿಗೆಯಲ್ಲೂ ಸಿಗುತ್ತದೆ. ಗಂಟಕ್ಕನಿಗೆ ಸಿಟ್ಟು ಬಂದದ್ದು ದಾರಕ್ಕಲ್ಲ. ಇಷ್ಟು ವರ್ಷ ತಾನು ಉಜ್ಜಿದ ಡಬ್ಬಿಯೇ ತನ್ನ ಮೇಲೆ ಸಾಕ್ಷಿಗೆ ಬಂತಲ್ಲ ಎಂಬುದಕ್ಕೆ. ಸತ್ಯವನ್ನೇ ಹೇಳಿಬಿಡೋಣ, ತನ್ನ ಪಾಲಿನದನ್ನೂ ಸೇರಿಸಿ ಹೇಳಿಬಿಡೋಣ ಎನಿಸಿತು ಅವಳಿಗೆ. ಜೀವನದಲ್ಲಿ ಅವಳು ಮಾಡಿದ ದೊಡ್ಡ ತಪ್ಪು ಅದು. ಅರ್ಧ ಗಂಟೆ ಯೋಚಿಸಿದ್ದರೆ ಕೊನೆಯ ಮಾತನ್ನು ಮೊದಲು ಹೇಳುತ್ತಿದ್ದಳು.

"ಹೌದು" ಎಂದಳು. "ನನ್ನ ಗಂಟಿಂದಾನೇ ನೀವು ಬೀಳ್ತಿರೋದು."

ಅಷ್ಟೇ. ಮುಂದಿನದು ಯಾರಿಗೂ ಬೇಕಿರಲಿಲ್ಲ. "ಒಪ್ಪಿಕೊಂಡ್ಲು!" ಎಂದು ಯಾರೋ ಕೂಗಿದರು, ಕೋಣೆಯೇ ಬಾಯಿಬಿಟ್ಟಂತಾಯಿತು. ಮೂವರು ನಿಂತಲ್ಲೇ ಕುಸಿದರು. "ಗಂಟು ಬಿಚ್ಚೋಕೆ ಕೂತು ನೀವು ಊಟ ಬಿಡ್ತೀರಿ, ಊಟ ಬಿಟ್ಟು ಬೀಳ್ತೀರಿ" ಎಂದು ಅವಳು ಗಂಟಲು ಹರಿಯುವಂತೆ ಕೂಗಿದಳು. ಎದುರಿಗಿದ್ದ ಕಾಲರ್‌ಗೆ ಕೇಳಿಸಿತೆಂದು ಅವಳಿಗೆ ಇವತ್ತಿಗೂ ಅನುಮಾನ. ಕಾಲರ್ ಒಂದು ಕ್ಷಣ ಅವಳ ಮುಖ ನೋಡಿ, ಎರಡೂ ಕಿವಿ ಮುಚ್ಚಿಕೊಂಡಳು. ಯಾರೋ ಬೆನ್ನಿಗೆ ದೂಡಿದರು. ಯಾರೋ ಎಸೆದ ನೂಲಿನ ಉರುಳೆ ಹುಬ್ಬಿಗೆ ಬಿತ್ತು. ಗೇಟಿನ ಹೊರಗೆ ಬಂದಾಗ ಅವಳ ಕಾಲಲ್ಲಿ ಒಂದೇ ಚಪ್ಪಲಿ ಇತ್ತು.

ಗಂಟಕ್ಕ ಹೋದ ಮೇಲೆ ಕೆಂಪು ದಾರವನ್ನು ತೆಗೆದು ಹಾಕಿದರು. ಹೊಸ ಚೆಕಿಂಗ್‌ನವಳು ಹಸಿರು ಕ್ಲಿಪ್ಪು ಸಿಕ್ಕಿಸುತ್ತಿದ್ದಳು. ಊಟದ ಹೊತ್ತಿನ ಕಾನೂನು ಹಾಗೇ ಇತ್ತು. ಎರಡು ದಿನ ಯಾರೂ ಬೀಳಲಿಲ್ಲ. ಮೂರನೆಯ ದಿನ ಬಿದ್ದರು. ಮಾಟಗಾತಿ ಇಲ್ಲ, ಮಾಟ ಇದೆ. ಹಾಗಾದರೆ ಅದು ಯಾರ ಕೈಯಲ್ಲಿ ಉಳಿದಿದೆ? ಅದೇ ಮನೆಯ ಅನ್ನ ತಿನ್ನುವವಳು ಇನ್ನೊಬ್ಬಳಿದ್ದಾಳಲ್ಲ.

ನಾದಿನಿ ಮಧ್ಯಾಹ್ನವೇ ಮನೆಗೆ ಬಂದಳು. ಕೂದಲು ಕೆದರಿತ್ತು, ಕೈಯಲ್ಲಿ ಅದೇ ಹಾಳೆ. ಈ ಸಲ ಕೆಳಗೆ ಇನ್ನೆರಡು ಸಾಲು ಸೇರಿಸಿದ್ದರು: 'ಇದೆಲ್ಲ ನಾನೊಬ್ಬಳೇ ಮಾಡಿದ್ದು. ನನ್ನ ನಾದಿನಿಗೆ ಇದರಲ್ಲಿ ಸಂಬಂಧವಿಲ್ಲ.'

"ಅತ್ತಿಗೆ, ಒಂದು ಸೈನು. ನಿಮ್ಮ ಕೆಲಸ ಹೆಂಗೂ ಹೋಯ್ತು. ನನ್ನದಾದ್ರೂ ಉಳೀಲಿ."

"ಹಾಕೇ" ಎಂದರು ಅತ್ತೆ. "ಮಸಿ ಬಳ್ಕೊಂಡಿರೋ ಮುಖಕ್ಕೆ ಇನ್ನೊಂದು ಚುಕ್ಕೆ ಬಿದ್ರೆ ಏನಾಗುತ್ತೆ? ಮದುವೆ ಆಗಬೇಕಾದ ಹುಡುಗಿ ಅವಳು."

ಗಂಡ ಪೆನ್ನು ತಂದುಕೊಟ್ಟ. ಅವನು ಆ ಮನೆಯಲ್ಲಿ ಹೆಂಡತಿಗೆ ಏನನ್ನಾದರೂ ಎದ್ದು ಹೋಗಿ ತಂದುಕೊಟ್ಟದ್ದು ಅದೇ ಮೊದಲು.

ಗಂಟಕ್ಕ ಪೆನ್ನನ್ನು ಕೈಗೆ ತೆಗೆದುಕೊಂಡಳು. ನಾದಿನಿಯ ಮೇಲೆ ಅವಳಿಗೆ ಕರುಣೆ ಹುಟ್ಟಲಿಲ್ಲ. ಆ ಹುಡುಗಿಯನ್ನೂ ನಲವತ್ತು ಜನರ ನಡುವೆ ನಿಲ್ಲಿಸುತ್ತಾರಲ್ಲ ಎಂದು ನೆನೆದಾಗ ಒಂದು ಗಳಿಗೆ ಹಿತವೇ ಆಯಿತು, ಅದನ್ನು ಅವಳು ತನ್ನಿಂದ ಮುಚ್ಚಿಡಲಿಲ್ಲ.

"ನಿನ್ನನ್ನ ಕಂಡ್ರೆ ನನಗೆ ಮೈಯೆಲ್ಲ ಉರಿಯುತ್ತೆ" ಎಂದಳು. "ಆದ್ರೂ ಉಳಿಸ್ತೀನಿ. ನಾಳೆ ನಾನು ಬರ್ತೀನಿ. ಮೊನ್ನೆ ಅರ್ಧಕ್ಕೆ ನಿಂತ ಮಾತನ್ನ ಪೂರ್ತಿ ಹೇಳ್ತೀನಿ. ನೀನು ನನ್ನ ಪಕ್ಕದಲ್ಲಿ ನಿಂತು, ಹೌದು, ನಾನು ಬಿದ್ದ ದಿನ ಊಟ ಮಾಡಿರಲಿಲ್ಲ ಅಂತ ಒಂದು ಮಾತು ಹೇಳು. ನೀನು ಹೇಳಿದ್ರೆ ಇನ್ನೊಬ್ಬಳು ಹೇಳ್ತಾಳೆ. ಹೇಳ್ತೀಯಾ?"

ನಾದಿನಿ ಅಮ್ಮನ ಮುಖ ನೋಡಿದಳು. "ಸೂಪರ್‌ವೈಸರ್ ವಿರುದ್ಧಾನಾ? ನನ್ನ ತಲೆ ಕೆಟ್ಟಿದ್ಯಾ?"

"ಹಂಗಾದ್ರೆ ಸೈನಿಲ್ಲ."

"ಸೈನ್ ಹಾಕು, ಇಲ್ಲ ಮನೆ ಬಿಡು" ಎಂದ ಗಂಡ. ಮಾತು ಬಾಯಿಂದ ಬಿದ್ದ ಮೇಲೆ ಅವನಿಗೇ ಅದು ದೊಡ್ಡದೆನಿಸಿರಬೇಕು, ಗೋಡೆಯ ಕಡೆ ನೋಡಿದ. ಅವಳು ಪೆನ್ನಿಗೆ ಮುಚ್ಚಳ ಹಾಕಿ ಅವನ ಕೈಯಲ್ಲಿ ಇಟ್ಟಳು. ಒಂದು ಚೀಲಕ್ಕೆ ಬಟ್ಟೆ ತುಂಬಿಕೊಂಡಳು. ಬಾಗಿಲು ದಾಟುವಾಗ ಅತ್ತೆ ಕೇಳಿದ್ದು ಒಂದೇ: "ಸಾಯಂಕಾಲದ ಅಡುಗೆ?"

ಮಾರನೆಯ ದಿನ ನಾದಿನಿ ತಾನೇ ಒಂದು ಹಾಳೆಗೆ ಸೈನ್ ಹಾಕಿದಳು. ಅತ್ತಿಗೆ ಕಲಿಸಿಕೊಟ್ಟಿದ್ದು, ಬೇಡವೆಂದರೂ ಬಲವಂತ ಮಾಡಿದ್ದು, ಇನ್ನು ಮುಂದೆ ಮಾಡುವುದಿಲ್ಲ. ಎಲ್ಲರ ಕಾಲು ಮುಟ್ಟಿ ಅತ್ತಳು. ಕೆಲಸ ಉಳಿಯಿತು. ಅದೇ ವಾರ ಬಿಳಿ ಷರ್ಟುಗಳು ಲಾರಿ ಹತ್ತಿದವು. ಕಿಟಕಿಯ ಟೇಪು ಕಿತ್ತರು, ಊಟದ ಹೊತ್ತು ಊಟಕ್ಕೇ ಬಿಟ್ಟರು. ಮತ್ತೆ ಯಾರೂ ಬೀಳಲಿಲ್ಲ. "ಒಪ್ಪಿಕೊಂಡಿದ್ದೇ ತಡ, ನಿಂತೋಯ್ತು ನೋಡು" ಎಂದು ತೋಳು ಇವತ್ತಿಗೂ ಹೊಸಬರಿಗೆ ಹೇಳುತ್ತಾಳಂತೆ.

ಗಂಟಕ್ಕ ಈಗ ಊರಿನ ಇನ್ನೊಂದು ತುದಿಯಲ್ಲಿ, ಚಪ್ಪಲಿ ರಿಪೇರಿ ಅಂಗಡಿಯ ಮೇಲಿನ ಒಂದು ಕೋಣೆಯಲ್ಲಿ ಇದ್ದಾಳೆ. ಆಸ್ಪತ್ರೆಯ ಹಾಸಿಗೆಬಟ್ಟೆ ಒಗೆಯುವ ಕಡೆ ಕೆಲಸ ಕೇಳಲು ಹೋದಾಗ ಅಲ್ಲಿಯ ಮೇಲ್ವಿಚಾರಕಿ, ದಪ್ಪ ಕನ್ನಡಕದ ಹೆಂಗಸು, ಹಳೆಯ ಕೆಲಸ ಯಾಕೆ ಬಿಟ್ಟಿರಿ ಎಂದು ಕೇಳಿದಳು. ಗಂಟಕ್ಕ ಎಲ್ಲ ಹೇಳಿದಳು. ನಲ್ಲಿಯ ಹತ್ತಿರದ ಮಾತು, ಆ ಎರಡು ಗಂಟು, ಭಾರದ ಡಬ್ಬಿಗಳು. ಒಂದನ್ನೂ ಬಿಡಲಿಲ್ಲ. ಕನ್ನಡಕದವಳು ನಡುವೆ ಬಾಯಿ ಹಾಕದೆ ಕೇಳಿದಳು.

"ಕೆಲಸ ಕೊಡ್ತೀನಿ" ಎಂದಳು ಕೊನೆಗೆ. "ಆದ್ರೆ ಇದನ್ನೆಲ್ಲ ಇಲ್ಲಿ ಯಾರ ಹತ್ತಿರಾನೂ ಹೇಳಬೇಡಿ. ಹೆಂಗಸರು ಸುಮ್ನೆ ಹೆದರ್ತಾರೆ."

"ನಾನಾಗಿ ಹೇಳಲ್ಲ" ಎಂದಳು ಗಂಟಕ್ಕ. "ಕೇಳಿದೋರಿಗೆ ಮಾತ್ರ ಪೂರ್ತಿ ಹೇಳ್ತೀನಿ. ಅರ್ಧ ಹೇಳಲ್ಲ."

ಕನ್ನಡಕದವಳ ಮುಖ ಬಿಗಿಯಿತು. ಆದರೂ ಮೂಲೆಯಲ್ಲಿ ರಾಶಿ ಬಿದ್ದಿದ್ದ ಒದ್ದೆ ಹಾಸಿಗೆಬಟ್ಟೆಗಳ ಕಡೆ ಕೈ ತೋರಿಸಿ, "ಅಲ್ಲಿಂದ ಶುರು ಮಾಡಿ" ಎಂದಳು.